ನೆರೆಯವಳ ಮನೆಭೇಟಿ: ಅಹಮದಾಬಾದ್, ವಡೋದರಾ, ಸೂರತ್ ನಗರಗಳಲ್ಲಿ ಎಳೆಮಕ್ಕಳ ತಂದೆತಾಯಿಗಳಿಗೆ ಆಸರೆ

ಎಳೆಮಕ್ಕಳಿರುವ ಮನೆಗೆ ಅದೇ ಓಣಿಯ, ಅದೇ ಮಾತಿನ, ಅಂಥದೇ ಸಂಸಾರ ನಡೆಸಿದ ಹೆಂಗಸೊಬ್ಬಳು ಗೊತ್ತಾದ ದಿನಗಳಲ್ಲಿ ಹೋಗುತ್ತಾಳೆ. ಬಾಣಂತಿಯ ಆರೈಕೆ, ಕೂಸಿನ ಹಾಲು-ಊಟ, ಆಟ-ಮಾತು, ಲಸಿಕೆ, ಕಾಯಿಲೆಯ ಗುರುತುಗಳು ಇವೆಲ್ಲದರಲ್ಲೂ ತಂದೆತಾಯಿಗಳಿಗೆ ಒತ್ತಾಸೆಯಾಗಿ ನಿಲ್ಲುತ್ತಾಳೆ. ಈ ವ್ಯವಸ್ಥೆಯೇ ಮನೆಭೇಟಿಯ ನೆರವು. ಬರುವವಳು ವೈದ್ಯೆಯಲ್ಲ, ದಾದಿಯೂ ಅಲ್ಲ. ಒಂದಿಷ್ಟು ತರಬೇತಿ ಪಡೆದ ನೆರೆಯವಳು. ಗುಜರಾತಿನ ಮೂರು ದೊಡ್ಡ ನಗರಗಳಾದ ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ಈ ಕೆಲಸ ಒಂದೇ ಯೋಜನೆಯ ಹೆಸರಿನಲ್ಲಿ ನಡೆಯುತ್ತಿಲ್ಲ. ಸರ್ಕಾರದ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು, ದುಡಿಯುವ ಹೆಂಗಸರ ಸಂಘಟನೆಯಾದ ‘ಸೇವಾ’ದ ಬಾಲಸೇವಿಕೆಯರು, ವಡೋದರೆಯ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಶಿಶು ಬೆಳವಣಿಗೆಯ ಅಳತೆಗಳು ಇವೆಲ್ಲ ಸೇರಿ ಇದನ್ನು ಕಟ್ಟಿವೆ. ಮನೆಯಲ್ಲಿ ಹೇಳಬೇಕಾದ ಮಾತು ಎಲ್ಲ ಊರಿನಲ್ಲೂ ಹೆಚ್ಚುಕಡಿಮೆ ಒಂದೇ. ಅದನ್ನು ಯಾರು ಹೇಳುತ್ತಾರೆ, ಯಾವ ಹೊತ್ತಿನಲ್ಲಿ ಹೇಳುತ್ತಾರೆ, ಮನೆಯ ಯಾರ ಎದುರು ಹೇಳುತ್ತಾರೆ ಎಂಬುದರ ಮೇಲೆ ಫಲ ನಿಂತಿದೆ. ಈ ಮೂರು ನಗರಗಳ ಅನುಭವವನ್ನು ಓದಬೇಕಾದದ್ದು ಈ ದೃಷ್ಟಿಯಿಂದಲೇ.

ಹಿನ್ನೆಲೆ

ಅಹಮದಾಬಾದಿನಲ್ಲಿ ಇದರ ಬೇರು ಬಟ್ಟೆ ಗಿರಣಿಗಳ ಕಾಲಕ್ಕೆ ಹೋಗುತ್ತದೆ. ಗಿರಣಿ ಮಾಲೀಕರ ಮನೆತನದಲ್ಲಿ ಹುಟ್ಟಿದ ಅನಸೂಯಾ ಸಾರಾಭಾಯಿ (1885–1972) ಕಾರ್ಮಿಕರ ಮಕ್ಕಳಿಗಾಗಿ ಶಾಲೆ ನಡೆಸಿದರು, ಶಿಶುಪಾಲನೆಯ ಏರ್ಪಾಡು ಮಾಡಿದರು. ಜನ ಅವರನ್ನು ‘ಮೋಟಾಬೆನ್’, ಅಂದರೆ ದೊಡ್ಡಕ್ಕ, ಎಂದು ಕರೆಯುತ್ತಿದ್ದರು. 1918ರ ಗಿರಣಿ ಮುಷ್ಕರದ ನಂತರ 1920ರಲ್ಲಿ ಅಲ್ಲಿ ಮಜೂರ್ ಮಹಾಜನ್ ಎಂಬ ಕಾರ್ಮಿಕ ಸಂಘ ಹುಟ್ಟಿತು. ಅದರ ಮಹಿಳಾ ವಿಭಾಗದಿಂದ ಇಳಾ ಭಟ್ ಅವರ ನಾಯಕತ್ವದಲ್ಲಿ 1972ರಲ್ಲಿ ‘ಸೇವಾ’ ಬೆಳೆದುಬಂತು. ತರಕಾರಿ ಮಾರುವವರು, ಚಿಂದಿ ಆಯುವವರು, ತಲೆಹೊರೆಯವರು, ಮನೆಯಲ್ಲೇ ಬೀಡಿ, ಅಗರಬತ್ತಿ ಮಾಡುವವರು ಅದರ ಸದಸ್ಯರು. ಇಂಥ ಹೆಂಗಸರು ಕೂಡಿದಲ್ಲೆಲ್ಲ ಮಗುವನ್ನು ಎಲ್ಲಿ ಬಿಡುವುದು ಎಂಬ ಪ್ರಶ್ನೆ ಎದ್ದೇ ಏಳುತ್ತದೆ. 1986ರಲ್ಲಿ ಅಹಮದಾಬಾದಿನಲ್ಲಿ ‘ಸಂಗಿನಿ’ ಎಂಬ ಬಾಲಸೇವಾ ಸಹಕಾರ ಮಂಡಳಿ ನೋಂದಣಿಯಾಯಿತು. ಖೇಡಾ ಜಿಲ್ಲೆಯ ತಂಬಾಕು ಕೂಲಿಗಳ ಮಕ್ಕಳಿಗಾಗಿ ‘ಶೈಶವ್’ ಎಂಬ ಇನ್ನೊಂದು ಮಂಡಳಿ ಬಂತು. 1990ರಲ್ಲಿ ಸೂಲಗಿತ್ತಿಯರು ಮತ್ತು ಆರೋಗ್ಯ ಕಾರ್ಯಕರ್ತೆಯರು ಸೇರಿ ‘ಲೋಕ ಸ್ವಾಸ್ಥ್ಯ’ ಎಂಬ ಆರೋಗ್ಯ ಸಹಕಾರ ಸಂಘವನ್ನು ಕಟ್ಟಿಕೊಂಡರು.

ಸಂಗಿನಿಯ ಬಾಲಸೇವಿಕೆಯರು ಅದೇ ಬಡಾವಣೆಯ ಹೆಂಗಸರು, ಮಂಡಳಿಯ ಷೇರುದಾರರೂ ಹೌದು. ತಾಯಂದಿರು ತಿಂಗಳಿಗೆ ಕೈಲಾದಷ್ಟು ಶುಲ್ಕ ಕೊಡುತ್ತಾರೆ. ಕೇಂದ್ರ ತೆರೆದಿರುವುದು ಅವರ ದುಡಿಮೆಯ ಹೊತ್ತಿಗೆ ಹೊಂದಿಕೊಂಡು. ಇದನ್ನು ಬರೀ ಶಿಶುಪಾಲನಾ ಕೇಂದ್ರ ಎಂದು ಬಿಟ್ಟರೆ ಅರ್ಧ ಕೆಲಸ ಕಣ್ಣಿಗೆ ಬೀಳುವುದಿಲ್ಲ. ಮಗು ಎರಡು ದಿನ ಬರದಿದ್ದರೆ ಬಾಲಸೇವಿಕೆ ಮನೆಗೆ ಹೋಗುತ್ತಾಳೆ, ತೂಕ ಇಳಿದರೆ ಹೋಗುತ್ತಾಳೆ, ತಾಯಿ ಮತ್ತೆ ಬಸುರಾದರೆ ಹೋಗುತ್ತಾಳೆ. 2020ರ ಲಾಕ್‌ಡೌನ್‌ನಲ್ಲಿ ಕೇಂದ್ರಗಳ ಬಾಗಿಲು ಮುಚ್ಚಿದಾಗ ಕೆಲಸವೆಲ್ಲ ಮನೆಮನೆಗೇ ಹೊರಳಿತು.

ಮಗುವಿನ ಬಳಿಗೇ ಹೋಗಬೇಕೆಂಬ ವಿಚಾರ ಗುಜರಾತಿಗೆ ಹೊಸದಲ್ಲ. ಭಾವನಗರದಲ್ಲಿ 1920ರಲ್ಲಿ ಬಾಲಮಂದಿರ ತೆರೆದ ಗಿಜುಭಾಯಿ ಬಧೇಕಾ (1885–1939) ಶಿಕ್ಷಕರಿಗೆ ಬರೆದಷ್ಟೇ ಕಾಳಜಿಯಿಂದ ತಂದೆತಾಯಿಗಳಿಗಾಗಿಯೂ ಬರೆದರು. ಅವರ ಜೊತೆಗಿದ್ದ ತಾರಾಬಾಯಿ ಮೋಡಕ್ ಮುಂದೆ ಮಹಾರಾಷ್ಟ್ರದ ಬೋರ್ಡಿ, ಕೋಸಬಾಡಗಳಲ್ಲಿ, ಶಾಲೆಗೆ ಬರಲಾರದ ಮಕ್ಕಳಿಗಾಗಿ ಬಾಲವಾಡಿಯನ್ನೇ ಅವರ ಅಂಗಳಕ್ಕೆ ಒಯ್ದರು. ಅಂಗನವಾಡಿ ಎಂಬ ಕಲ್ಪನೆ ಬಂದದ್ದು ಅಲ್ಲಿಂದ. ಅಂಗನವಾಡಿಗಳನ್ನು ನಡೆಸುವ ದೇಶದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು 33 ಕಡೆ ಆರಂಭವಾದಾಗ ಗುಜರಾತಿನಲ್ಲಿ ಆಯ್ಕೆಯಾದದ್ದು ಆಗಿನ ವಡೋದರಾ ಜಿಲ್ಲೆಯ ಬುಡಕಟ್ಟು ತಾಲ್ಲೂಕು ಛೋಟಾ ಉದೇಪುರ. ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಗುಜರಾತಿನ ಅಂಗನವಾಡಿಯಲ್ಲಿ ಸಹಾಯಕಿಗೆ ‘ತೇಡಾಗರ್’ ಎಂದು ಹೆಸರು. ಬೆಳಗ್ಗೆ ಚಾಳಿನ ಒಂದೊಂದೇ ಬಾಗಿಲಲ್ಲಿ ನಿಂತು ಕೂಗಿ, ಒಂದು ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು, ಇನ್ನೆರಡನ್ನು ಕೈಹಿಡಿದು ನಡೆಸಿಕೊಂಡು ಬರುವವಳು ಅವಳು. ಯಾರ ಮನೆಯಲ್ಲಿ ಜ್ವರ, ಯಾರು ತವರಿಗೆ ಹೋಗಿದ್ದಾರೆ, ಯಾರ ಗಂಡನಿಗೆ ಕೆಲಸ ತಪ್ಪಿದೆ ಎಂಬುದೆಲ್ಲ ಮೊದಲು ಗೊತ್ತಾಗುವುದು ಅವಳಿಗೆ. ಕಾಗದದ ಮೇಲೆ ಅವಳ ಕೆಲಸ ಮಕ್ಕಳನ್ನು ಕರೆತರುವುದು, ಗುಡಿಸುವುದು, ಅಡುಗೆಗೆ ನೆರವಾಗುವುದು. ನಿಜದಲ್ಲಿ ಮನೆಭೇಟಿಯ ವ್ಯವಸ್ಥೆಯ ಮೊದಲ ಕಣ್ಣು ಅವಳೇ.

ಸವಾ ಮಹಿನೊ ಮತ್ತು ನಲವತ್ತೆರಡು ದಿನ

ಗುಜರಾತಿ ಮನೆಗಳಲ್ಲಿ ಹೆರಿಗೆಯಾದ ಮೇಲೆ ‘ಸವಾ ಮಹಿನೊ’, ಅಂದರೆ ಒಂದೂಕಾಲು ತಿಂಗಳು, ಬಾಣಂತಿ ಹೊರಗೆ ಕಾಲಿಡುವುದಿಲ್ಲ. ಸುವಾ (ಸಬ್ಬಸಿಗೆ ಬೀಜ), ಶುಂಠಿ, ಅಂಟು, ತುಪ್ಪ, ಬೆಲ್ಲ ಹಾಕಿದ ಕಾಟ್ಲು, ಶೀರೊ, ರಾಬ್ ಕೊಡುತ್ತಾರೆ. ಆರನೆಯ ರಾತ್ರಿ ‘ಛಠಿ’. ವಿಧಾತೆ ಬಂದು ಹಣೆಬರಹ ಬರೆಯುತ್ತಾಳೆಂದು ಕಾಗದ, ಲೇಖನಿ ಇಟ್ಟು ದೀಪ ಹಚ್ಚುತ್ತಾರೆ. ಕೂಸಿಗೆ ಹೆಸರಿಡುವ ಹಕ್ಕು ‘ಫೋಯಿ’ಯದು, ಅಂದರೆ ಸೋದರತ್ತೆಯದು. ಏಳನೆಯ ತಿಂಗಳ ಸೀಮಂತವಾದ ಮೇಲೆ ಚೊಚ್ಚಲ ಹೆರಿಗೆಗೆ ಹೆಣ್ಣು ‘ಪಿಯರ್’ಗೆ, ತವರಿಗೆ, ಹೋಗುತ್ತಾಳೆ. ಕನ್ನಡ ಓದುಗರಿಗೆ ಇದರಲ್ಲಿ ಹೊಸತೇನಿಲ್ಲ. ನಮ್ಮ ಬಾಣಂತನದ ಕೋಣೆ, ಅಂಟಿನುಂಡೆ, ಬಜೆ, ತವರಿನ ಚೊಚ್ಚಲ ಹೆರಿಗೆ ಇವೆಲ್ಲ ಅದೇ ಬಳ್ಳಿಯವು.

ಈ ಪದ್ಧತಿಗೂ ಸರ್ಕಾರದ ಭೇಟಿಗಳ ಪಟ್ಟಿಗೂ ಒಳ್ಳೆಯ ಹೊಂದಾಣಿಕೆಯಿದೆ. 2011ರಲ್ಲಿ ದೇಶದಾದ್ಯಂತ ಜಾರಿಗೆ ಬಂದ ಮನೆಯಲ್ಲೇ ನವಜಾತ ಶಿಶು ಆರೈಕೆಯ ಕ್ರಮದಂತೆ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿನ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಹೋಗಬೇಕು. ಮನೆಯಲ್ಲೇ ಹುಟ್ಟಿದ್ದರೆ ಮೊದಲ ದಿನವೂ ಹೋಗಬೇಕು. ಗುಜರಾತಿನ ತಾಯಿ-ಮಕ್ಕಳ ಆರೋಗ್ಯ ಕಾರ್ಯಕ್ರಮವಾದ ಮಮತಾ ಅಭಿಯಾನದಲ್ಲಿ ಹೆರಿಗೆಯ ನಂತರದ ಈ ಭೇಟಿಗೆ ‘ಮಮತಾ ಮುಲಾಕಾತ್’ ಎಂದು ಹೆಸರು. ಬಾಣಂತಿ ಹೊರಬರದ ದಿನಗಳಲ್ಲಿ ನೆರವು ಒಳಗೆ ಬರುತ್ತದೆ. ಈ ಒಂದು ತಿಳಿವಳಿಕೆ ಇಲ್ಲದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲೇ ನಿದರ್ಶನವಿದೆ. 2017ರ ಅಕ್ಟೋಬರ್ 2ರಂದು ಕರ್ನಾಟಕದಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರೂ ಬಾಣಂತಿಯರೂ ಅಂಗನವಾಡಿಗೇ ಬಂದು ಬಿಸಿಯೂಟ ಮಾಡಬೇಕಿತ್ತು. ಊಟ ಚೆನ್ನಾಗಿಯೇ ಇತ್ತು, ಉದ್ದೇಶವೂ ದೊಡ್ಡದು. ಆದರೆ ಹಸಿ ಬಾಣಂತಿ ಹೊಸ್ತಿಲು ದಾಟಿ ಊಟಕ್ಕೆ ಹೋಗುವುದು ಎಷ್ಟೋ ಮನೆಗಳಲ್ಲಿ ಆಗುವ ಮಾತಾಗಿರಲಿಲ್ಲ.

ಮೂರನೆಯ ದಿನದ ಭೇಟಿಯನ್ನು ಹತ್ತಿರದಿಂದ ನೋಡಿದರೆ ಇದರ ಸ್ವರೂಪ ತಿಳಿಯುತ್ತದೆ. ಆಶಾ ಕೈ ತೊಳೆದು ಕೂರುತ್ತಾಳೆ. ಬಟ್ಟೆಯ ಜೋಲಿಯಿರುವ ತಕ್ಕಡಿಗೆ ಕೂಸನ್ನು ಹಾಕಿ ತೂಗುತ್ತಾಳೆ. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ಜ್ವರ ನೋಡುತ್ತಾಳೆ. ಹೊಟ್ಟೆಯ ಮೇಲಿನ ಬಟ್ಟೆ ಸರಿಸಿ ಪೂರ್ತಿ ಒಂದು ನಿಮಿಷ ಉಸಿರು ಎಣಿಸುತ್ತಾಳೆ. 60 ಅಥವಾ ಅದಕ್ಕಿಂತ ಹೆಚ್ಚಾದರೆ ಅಪಾಯದ ಗುರುತು. ಹೊಕ್ಕುಳು ಒದ್ದೆಯಾಗಿದೆಯೇ, ಕಣ್ಣು ಹಳದಿಯಾಗಿದೆಯೇ, ಕೂಸು ಮೊಲೆ ಸರಿಯಾಗಿ ಹಿಡಿಯುತ್ತಿದೆಯೇ ಎಂದು ನೋಡುತ್ತಾಳೆ. ಇಷ್ಟೆಲ್ಲ ತರಬೇತಿಯಲ್ಲಿ ಕಲಿಸಿಕೊಡುವಂಥದು. ಅತ್ತೆಯ ಜೊತೆ ಮಾತಾಡುವ ಬಗೆಯನ್ನು ಮಾತ್ರ ಓಣಿಯಲ್ಲಿ ಬಾಳಿಯೇ ಕಲಿಯಬೇಕು.

‘ಗಳಥೂಥಿ’ಯ ವಿಷಯವನ್ನೇ ತೆಗೆದುಕೊಳ್ಳಿ. ಹುಟ್ಟಿದ ಕೂಸಿನ ಬಾಯಿಗೆ ಮನೆಯ ಹಿರಿಯರೊಬ್ಬರು ಬೆಲ್ಲದ ನೀರು ಮುಟ್ಟಿಸುತ್ತಾರೆ. ಮುಟ್ಟಿಸಿದವರ ಗುಣ ಮಗುವಿಗೆ ಬರುತ್ತದೆಂಬ ನಂಬಿಕೆ. ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಹಾಲೇ ಕೊಡಬೇಕು, ಆರು ತಿಂಗಳವರೆಗೆ ನೀರೂ ಬೇಡ ಎಂಬುದು ವೈದ್ಯಶಾಸ್ತ್ರದ ಮಾತು. ಗುಜರಾತಿನಲ್ಲಿ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ನೂರರಲ್ಲಿ 94 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿದ್ದರೂ ಮೊದಲ ಗಂಟೆಯಲ್ಲಿ ಹಾಲು ಕುಡಿದ ಮಕ್ಕಳು ನೂರರಲ್ಲಿ 38ರಷ್ಟು ಮಾತ್ರ. ಆಸ್ಪತ್ರೆಗೆ ಹೋದಾಕ್ಷಣ ಮನೆಯ ರೂಢಿ ಬದಲಾಗುವುದಿಲ್ಲ ಎಂದಾಯಿತು. ‘ಇದು ತಪ್ಪು’ ಎಂದು ಹೊರಗಿನವಳೊಬ್ಬಳು ಅಜ್ಜಿಯ ಎದುರು ಸೊಸೆಗೆ ಹೇಳಿದರೆ ಮುಂದಿನ ಭೇಟಿಗೆ ಬಾಗಿಲು ತೆರೆಯುವುದಿಲ್ಲ. ಓಣಿಯವಳು ಮೊದಲು ‘ಬಾ’ (ಗುಜರಾತಿಯಲ್ಲಿ ಅಮ್ಮ) ಎಂದು ಅಜ್ಜಿಯನ್ನೇ ಮಾತಾಡಿಸುತ್ತಾಳೆ, ಅವರು ಹೆತ್ತು ಸಾಕಿದ ಕಥೆ ಕೇಳುತ್ತಾಳೆ. ಸುವಾ, ಅಂಟು, ತುಪ್ಪದ ತಿನಿಸನ್ನು ಹೊಗಳುತ್ತಾಳೆ; ಅದರಲ್ಲಿ ಬಿಡಬೇಕಾದದ್ದೂ ಇಲ್ಲ. ಆಮೇಲೆ ಕೂಸಿನ ಕರುಳಿನ ಮಾತು ತೆಗೆಯುತ್ತಾಳೆ. ಸಂಸ್ಕೃತಿಗೆ ಹೊಂದಿಸುವುದು ಎಂದು ಯೋಜನೆಗಳ ಭಾಷೆಯಲ್ಲಿ ಹೇಳುವುದು ಎಷ್ಟೋ ಸಲ ಕೈಪಿಡಿಯ ಚಿತ್ರದಲ್ಲಿರುವ ಹೆಂಗಸಿಗೆ ಸೀರೆ ಉಡಿಸುವಲ್ಲಿಗೇ ಮುಗಿದುಹೋಗುತ್ತದೆ. ಯಾವುದನ್ನು ಮುಟ್ಟದೆ ಬಿಡಬೇಕು, ಯಾವುದನ್ನು ಹಟ ಹಿಡಿದು ಬಿಡಿಸಬೇಕು, ಮನೆಯಲ್ಲಿ ಯಾರ ಒಪ್ಪಿಗೆ ಮೊದಲು ಪಡೆಯಬೇಕು ಎಂಬ ವಿವೇಕವೇ ನಿಜವಾದ ಹೊಂದಾಣಿಕೆ.

ಹವೆಗೂ ಹೊಂದಿಸಬೇಕು. ಕೂಸನ್ನು ಬೆಚ್ಚಗೆ ಸುತ್ತಿಡಿ ಎಂಬುದು ಎಲ್ಲ ತರಬೇತಿಯ ಮೊದಲ ಪಾಠ. ಆದರೆ ಅಹಮದಾಬಾದಿನಲ್ಲಿ 2010ರ ಮೇ ತಿಂಗಳಲ್ಲಿ ಉಷ್ಣಾಂಶ 46.8 ಡಿಗ್ರಿಗೆ ಏರಿ ಬಹಳ ಜನ ಸತ್ತರು. ಆ ಅನುಭವದಿಂದ ನಗರ ಪಾಲಿಕೆ 2013ರಲ್ಲಿ ಬಿಸಿಗಾಳಿ ಎದುರಿಸುವ ಯೋಜನೆಯನ್ನು ತಂದಿತು. ದಕ್ಷಿಣ ಏಷ್ಯಾದಲ್ಲಿ ಅದೇ ಮೊದಲನೆಯದು. ತಗಡಿನ ಮಾಡಿನ ಒಂದು ಕೋಣೆಯಲ್ಲಿ ಮೇ ತಿಂಗಳ ಬಾಣಂತಿಗೆ ಸುತ್ತುಬಟ್ಟೆಯ ಪಾಠವನ್ನೇ ಒಪ್ಪಿಸುವುದು ಕ್ರೌರ್ಯವಾದೀತು. ಅಲ್ಲಿ ಬೇಕಾದದ್ದು ಗಾಳಿ, ತೆಳು ಹತ್ತಿಬಟ್ಟೆ, ಪದೇಪದೇ ಮೊಲೆಹಾಲು.

ವ್ಯವಸ್ಥೆ ಎಡವುವುದು ತವರಿನ ವಿಷಯದಲ್ಲಿ. ಆಶಾಳ ಕೆಲಸ ವಾರ್ಡಿನ ಗಡಿಯೊಳಗೆ. ನಗರದಲ್ಲಿ ಒಬ್ಬೊಬ್ಬಳಿಗೆ 1,000ದಿಂದ 2,500 ಜನಸಂಖ್ಯೆ. ಗರ್ಭಿಣಿಯ ಹೆಸರು ಗಂಡನ ಮನೆಯ ಪುಸ್ತಕದಲ್ಲಿ, ಕೂಸು ಹುಟ್ಟುವುದು ತವರಿನಲ್ಲಿ. ಎರಡು ಪುಸ್ತಕಗಳ ನಡುವೆ, ಭೇಟಿ ಅತಿ ಹೆಚ್ಚು ಬೇಕಾದ ಚೊಚ್ಚಲ ತಾಯಿಯೇ ತಪ್ಪಿಹೋಗುತ್ತಾಳೆ. ಭೇಟಿಗಳು ತಪ್ಪದಂತೆ ಕಂಪ್ಯೂಟರ್ ದಾಖಲೆಯಿಂದ ನೋಡಿಕೊಳ್ಳುವ ಪ್ರಯತ್ನವೂ ಗುಜರಾತಿನಲ್ಲಿ ನಡೆದಿದೆ. ಭರೂಚ್ ಜಿಲ್ಲೆಯ ಝಗಡಿಯಾದ ಸೇವಾ ರೂರಲ್ ಸಂಸ್ಥೆ (ಇಳಾ ಭಟ್ ಅವರ ಸೇವಾ ಬೇರೆ) ಆಶಾಗಳಿಗೆ ಅಂದಂದಿನ ಭೇಟಿಯ ಪಟ್ಟಿ ತೋರಿಸುವ ‘ಇಮ್‌ಟೆಕೊ’ ಎಂಬ ಮೊಬೈಲ್ ತಂತ್ರಾಂಶ ರೂಪಿಸಿತು. ಪ್ರಯೋಗದಲ್ಲಿ ಮನೆಭೇಟಿಗಳ ಪ್ರಮಾಣ ಏರಿತು. ಅದೇ ಮಾದರಿ ಮುಂದೆ ರಾಜ್ಯದ ‘ಟೆಕೊ ಪ್ಲಸ್’ ಆಯಿತು.

ವಡೋದರೆಯ ಅಳತೆಗಳು

ಸಯಾಜಿರಾವ್ ಗಾಯಕವಾಡರ ರಾಜಧಾನಿಯಾಗಿದ್ದ ವಡೋದರೆಯಲ್ಲಿ 1949ರಲ್ಲಿ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅದರ ಕುಲಪತಿ ಸ್ಥಾನದಲ್ಲಿದ್ದ ಹಂಸಾ ಮೆಹತಾ ಗೃಹವಿಜ್ಞಾನಕ್ಕೆ ಒಂದು ಗಟ್ಟಿ ವಿಭಾಗ ಕಟ್ಟಿದರು. ಅಲ್ಲಿ ಶಿಶು ಬೆಳವಣಿಗೆಯ ಅಧ್ಯಯನ ಬೇರೂರಿತು. ಕೂಸುಗಳ ಬೆಳವಣಿಗೆ ಅಳೆಯಲು ಆಗ ಬಳಸುತ್ತಿದ್ದ ಮುಖ್ಯ ಮಾನಕಗಳಲ್ಲೊಂದು ಅಮೆರಿಕದ ನ್ಯಾನ್ಸಿ ಬೇಲಿ ರೂಪಿಸಿದ್ದು. ಅಮೆರಿಕದ ಮಗುವಿಗೆ ಪರಿಚಿತವಾದ ಸಾಮಾನು, ಅಮೆರಿಕದ ಮಗುವಿನ ವಯಸ್ಸಿನ ಲೆಕ್ಕ. ಪ್ರಮೀಳಾ ಫಾಟಕ್ ಅವರು ವಡೋದರೆಯ ಮಕ್ಕಳನ್ನೇ ತಿಂಗಳುಗಟ್ಟಲೆ ಗಮನಿಸಿ, ಕತ್ತು ನಿಲ್ಲುವುದು, ಮಗುಚುವುದು, ಕೂರುವುದು, ಹೆಸರು ಕರೆದರೆ ತಿರುಗುವುದು ನಮ್ಮ ಮಕ್ಕಳಲ್ಲಿ ಯಾವ ವಯಸ್ಸಿಗೆ ಆಗುತ್ತದೆಂದು ಲೆಕ್ಕ ಹಾಕಿದರು. ಇವು ‘ಬರೋಡಾ ಮಾನಕ’ಗಳೆಂದು ಹೆಸರಾದವು, ಡಿಎಎಸ್‌ಐಐ ಎಂಬ ಭಾರತೀಯ ಶಿಶು ಮಾಪನದ ತಳಹದಿ ಇದೇ. 1991ರಲ್ಲಿ ಇದರಿಂದ ಆಯ್ದ ಅಂಶಗಳ ‘ಬರೋಡಾ ಬೆಳವಣಿಗೆ ತಪಾಸಣೆ’ ಪ್ರಕಟವಾಯಿತು. ಅದೇ ಬರೋಡಾ ಮಾನಕಗಳಿಂದ 17 ಅಂಶಗಳನ್ನು ಆಯ್ದು ಕೇರಳದ ತಿರುವನಂತಪುರದಲ್ಲಿ ಒಂದೇ ಹಾಳೆಯ ಚಾರ್ಟ್ ಮಾಡಿದರು. ದೊಡ್ಡ ಸಲಕರಣೆಯೇನೂ ಬೇಡ, ಮಗುವಿನ ವಯಸ್ಸಿನ ಮೇಲೆ ಗೆರೆ ಎಳೆದು, ಗೆರೆಯ ಎಡಕ್ಕೆ ಬಿದ್ದದ್ದರಲ್ಲಿ ಯಾವುದನ್ನು ಮಗು ಇನ್ನೂ ಮಾಡುತ್ತಿಲ್ಲವೋ ಗುರುತು ಹಾಕಿಕೊಳ್ಳಬಹುದು. ಪ್ರಯೋಗಾಲಯದ ಜ್ಞಾನ ಮನೆಭೇಟಿಗೆ ಹೋಗುವವಳ ಚೀಲಕ್ಕೆ ಇಳಿದ ಬಗೆ ಇದು. ಇಡೀ ವಿಷಯದಲ್ಲಿ ವಡೋದರೆಯ ದೊಡ್ಡ ಕೊಡುಗೆ ಇದೇ ಎಂದು ಹೇಳಬೇಕು. ಇದಕ್ಕೆ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲ.

ಅಳತೆಯಂತೆಯೇ ಮಾಹಿತಿಯ ಭಾಷೆಯನ್ನೂ ತಾಯಂದಿರಿಗೆ ಒಗ್ಗಿಸಬೇಕು. ಆ ಕೆಲಸವನ್ನು ಅಹಮದಾಬಾದಿನ ‘ಚೇತನಾ’ ಸಂಸ್ಥೆ 1980ರಿಂದ ಆರೋಗ್ಯ, ಪೌಷ್ಟಿಕತೆಗಳ ತರಬೇತಿ ಸಾಮಗ್ರಿಗಳ ಮೂಲಕ ಮಾಡುತ್ತ ಬಂದಿದೆ.

ಸೂರತ್: ಹೊತ್ತಿನ ಬೆಲೆ

ಸೂರತ್ ವಲಸೆಗಾರರ ಊರು. ಮಗ್ಗಗಳಲ್ಲಿ ಒಡಿಶಾದ ಗಂಜಾಂ ಕಡೆಯವರು, ಮಹಾರಾಷ್ಟ್ರದ ಖಾನದೇಶದವರು, ಉತ್ತರ ಪ್ರದೇಶ-ಬಿಹಾರದವರು, ತೆಲುಗಿನವರು. ವಜ್ರದ ಸಾಣೆಯಲ್ಲಿ ಸೌರಾಷ್ಟ್ರದವರು. ಪಾಲಿಕೆಯ ಪ್ರಾಥಮಿಕ ಶಾಲೆಗಳೇ ಗುಜರಾತಿ, ಮರಾಠಿ, ಹಿಂದಿ, ಉರ್ದು, ಒಡಿಯಾ, ತೆಲುಗು, ಇಂಗ್ಲಿಷ್ ಮಾಧ್ಯಮಗಳಲ್ಲಿ ನಡೆಯುತ್ತವೆ. ಶಾಲೆಗೆ ಹೋಗುವ ಮಗುವಿಗೆ ಏಳು ಭಾಷೆಯಲ್ಲಿ ಪಾಠ ಸಿಗುವ ಊರಿನಲ್ಲಿ ಕೂಸಿನ ತಾಯಿಗೆ ಸಿಗುವ ಕರಪತ್ರ, ಕಾರ್ಡು ಗುಜರಾತಿಯಲ್ಲಿದ್ದರೆ ಗಂಜಾಂನ ಹೆಣ್ಣುಮಗಳಿಗೆ ಅದರಿಂದ ಪ್ರಯೋಜನವಿಲ್ಲ. ಇಂಥ ಕಡೆ ಅದೇ ಭಾಷೆಯ ನೆರೆಯವಳನ್ನು ಆರಿಸಿಕೊಳ್ಳದೆ ದಾರಿಯಿಲ್ಲ. ಅತ್ತೆ, ತಾಯಿ, ಸೋದರತ್ತೆ ಯಾರೂ ಹತ್ತಿರವಿಲ್ಲದ ಈ ತಾಯಂದಿರಿಗೆ ಮನೆಗೆ ಬರುವವಳೇ ಬಳಗ.

ಸೂರತ್ತಿನ ಸೀರೆಗೆ ಹರಳು ಅಂಟಿಸುವುದು, ಅಂಚು ಹೊಲಿಯುವುದು, ದಾರ ಕತ್ತರಿಸುವುದು ಮನೆಯಲ್ಲೇ ಕೂತು ಮಾಡುವ ಹೆಂಗಸರ ದುಡಿಮೆ. ಅಹಮದಾಬಾದಿನ ಹಳೆಯ ಪಟ್ಟಣದಲ್ಲಿ ಉತ್ತರಾಯಣದ (ಸಂಕ್ರಾಂತಿಯ) ಮುಂಚಿನ ತಿಂಗಳುಗಳಲ್ಲಿ ಮನೆಮನೆಯಲ್ಲೂ ಗಾಳಿಪಟದ ಕೆಲಸ. ಕೂಲಿ ತುಂಡಿನ ಲೆಕ್ಕದಲ್ಲಿ. ಭೇಟಿ ಉಚಿತ ಎಂದು ಯೋಜನೆ ಹೇಳಿಕೊಳ್ಳಬಹುದು. ಒಂದು ಗಂಟೆ ಮಾತಾಡಿದರೆ ತಾಯಿಗೆ ಅಷ್ಟು ತುಂಡುಗಳ ಕೂಲಿ ಹೋಗುತ್ತದೆ. ಆದ್ದರಿಂದ ಅವಳು ಕೆಲಸ ಮಾಡುತ್ತಿರುವಾಗಲೇ, ಪಕ್ಕದಲ್ಲಿ ಕೂತು, ಖಾಲಿ ರೀಲಿನಿಂದಲೋ ಬಟ್ಟೆ ಚೂರಿನಿಂದಲೋ ಮಗುವನ್ನು ಆಡಿಸಿ ತೋರಿಸುವ ಭೇಟಿ ನಡೆಯುತ್ತದೆ, ಪಾಠದ ಭೇಟಿ ನಡೆಯುವುದಿಲ್ಲ. ಅಪ್ಪಂದಿರದು ಇನ್ನೂ ಕಷ್ಟ. ಮಗ್ಗದವರ ಪಾಳಿ ಹನ್ನೆರಡು ಗಂಟೆಯದು, ಭೇಟಿಗಳೆಲ್ಲ ಹಗಲಿನವು. ‘ಪೋಷಕರು’ ಎಂದು ಬರೆದಲ್ಲೆಲ್ಲ ತಾಯಿ ಎಂದೇ ಓದಿಕೊಳ್ಳಬೇಕಾದ ಸ್ಥಿತಿ.

ಪೂರಕ ಆಹಾರದ ಪೊಟ್ಟಣಗಳು ಅಮುಲ್, ಬನಾಸ್ ಮತ್ತು ಸೂರತ್ತಿನದೇ ಆದ ಸುಮುಲ್ ಡೈರಿಗಳಿಂದ ಬರುತ್ತವೆ: ಆರು ತಿಂಗಳಿಂದ ಮೂರು ವರ್ಷದವರಿಗೆ ಬಾಲಶಕ್ತಿ, ಗರ್ಭಿಣಿ-ಬಾಣಂತಿಯರಿಗೆ ಮಾತೃಶಕ್ತಿ. ಅನ್ನಪ್ರಾಶನದ ದಿನ ಅಂಗನವಾಡಿಯಲ್ಲಿ ಇದರಿಂದ ಸುಖಡಿ, ರಾಬ್ ಮಾಡಿ ತೋರಿಸುತ್ತಾರೆ. ಆದರೂ 2019–21ರ ಆ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೇ ಗುಜರಾತಿನಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 39 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, 25 ಮಂದಿ ಎತ್ತರಕ್ಕೆ ತಕ್ಕ ತೂಕವಿಲ್ಲದವರು. ಆರರಿಂದ 23 ತಿಂಗಳ ಮಕ್ಕಳಲ್ಲಿ ಸಾಕಷ್ಟು, ಸರಿಯಾದ ಆಹಾರ ಸಿಗುತ್ತಿದ್ದದ್ದು ನೂರಕ್ಕೆ ಸುಮಾರು ಆರು ಮಂದಿಗೆ. ಹಾಲಿನ ಹೊಳೆ ಹರಿಸುವ ರಾಜ್ಯದಲ್ಲಿ ಇಂಥ ಅಂಕಿ ನಿಜಕ್ಕೂ ನೋವಿನದು. ಪೊಟ್ಟಣ ಮನೆ ತಲುಪುವುದಕ್ಕೂ ಮಗುವಿನ ಬಾಯಿ ತಲುಪುವುದಕ್ಕೂ ನಡುವೆ ಬೇರೆ ಮಕ್ಕಳ ಪಾಲು, ತಾಯಿಯ ಬಿಡುವು, ಒಲೆಯ ಇಂಧನ ಎಲ್ಲ ಇವೆ.

ಬೇರೆಡೆಯ ಅನುಭವ

ನೆರೆಯವರ ಭೇಟಿ ಕೆಲಸ ಮಾಡುತ್ತದೆಂಬುದಕ್ಕೆ ದೊಡ್ಡ ಆಧಾರ ಜಮೈಕಾದ್ದು. 1986–87ರಲ್ಲಿ ಕಿಂಗ್‌ಸ್ಟನ್‌ನ ಬಡ ಬಡಾವಣೆಗಳಲ್ಲಿ ಸ್ಯಾಲಿ ಗ್ರಂಥಾಮ್-ಮೆಕ್‌ಗ್ರೆಗರ್ ಮತ್ತು ಸಂಗಡಿಗರು ಬೆಳವಣಿಗೆ ಕುಂಠಿತವಾದ 129 ಮಕ್ಕಳ ಅಧ್ಯಯನ ಕೈಗೊಂಡರು. ಅವರಲ್ಲಿ ಕೆಲವರ ಮನೆಗೆ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷ, ವಾರಕ್ಕೊಂದು ಗಂಟೆ ಹೋಗಿ ತಾಯಿಗೆ ಮಗುವನ್ನು ಆಡಿಸುವ ಬಗೆ ತೋರಿಸಿದರು. ಇಪ್ಪತ್ತು ವರ್ಷದ ನಂತರ ಭೇಟಿ ಪಡೆದವರ ಸಂಪಾದನೆ ಉಳಿದವರಿಗಿಂತ ನೂರಕ್ಕೆ 25ರಷ್ಟು ಹೆಚ್ಚಿತ್ತು. ಇದೇ ಕ್ರಮವನ್ನು ಒಡಿಶಾದ ಕಟಕ್ ನಗರದ 54 ಕೊಳೆಗೇರಿಗಳಲ್ಲಿ ಒಡಿಯಾ ಹಾಡು, ಮನೆಯ ಸಾಮಾನುಗಳಿಗೆ ಹೊಂದಿಸಿ, ಅಲ್ಲಿಯ ಹೆಂಗಸರಿಂದಲೇ 421 ಮಕ್ಕಳೊಡನೆ ಪರೀಕ್ಷಿಸಿದಾಗ ಮಕ್ಕಳ ಬುದ್ಧಿಬೆಳವಣಿಗೆ ಸುಧಾರಿಸಿದ್ದು ಕಂಡಿತು. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಮತ್ತು ರಾಣಿ ಬಂಗ್ ದಂಪತಿ ಹಳ್ಳಿಯ ಹೆಂಗಸರಿಗೇ ನವಜಾತ ಶಿಶುವಿನ ಆರೈಕೆ ಕಲಿಸಿ ಮರಣ ಪ್ರಮಾಣವನ್ನು ನೂರಕ್ಕೆ 62ರಷ್ಟು ಇಳಿಸಿದ್ದನ್ನು 1999ರಲ್ಲಿ ಪ್ರಕಟಿಸಿದರು. ಆಶಾಳ ಆರು ಭೇಟಿಗಳ ಮೂಲ ಅದೇ. ಗೋವಾದಲ್ಲಿ ‘ಸಖಿ’ಯರೆಂಬ ನೆರೆಯ ಹೆಂಗಸರು ಖಿನ್ನತೆಯಲ್ಲಿದ್ದ ಗರ್ಭಿಣಿ, ಬಾಣಂತಿಯರ ಮನೆಗೆ ಹೋಗಿ ಮಾತಾಡಿ ಬಂದರು. ಫಲ ಸಾಧಾರಣ, ಆದರೂ ಸಿಕ್ಕಿತು.

ಇವುಗಳೊಡನೆ ಹೋಲಿಸಿದರೆ ಈ ಮೂರು ನಗರಗಳ ಕೊರತೆ ಸ್ಪಷ್ಟ. 42ನೆಯ ದಿನದ ನಂತರ ಭೇಟಿ ನಿಲ್ಲುತ್ತಿದ್ದದ್ದನ್ನು 2018ರ ಹೊಸ ಕ್ರಮ 3, 6, 9, 12, 15ನೆಯ ತಿಂಗಳ ಐದು ಭೇಟಿಗಳಿಗೆ ವಿಸ್ತರಿಸಿತು. ಜಮೈಕಾದಲ್ಲಿ ವಾರಕ್ಕೊಂದು, ಇಲ್ಲಿ ಮೂರು ತಿಂಗಳಿಗೊಂದು. ಹದಿನೈದು ತಿಂಗಳಿಂದ ಮಗು ಮೂರು ವರ್ಷಕ್ಕೆ ಅಂಗನವಾಡಿ ಸೇರುವವರೆಗಿನ, ಮಾತು ಅರಳುವ ಕಾಲ ಹೆಚ್ಚುಕಡಿಮೆ ಖಾಲಿ. ಕೇಂದ್ರ ಸರ್ಕಾರ 2024ರಲ್ಲಿ ಹೊರತಂದ ‘ನವಚೇತನಾ’ ಚೌಕಟ್ಟಿನಲ್ಲಿ ಹುಟ್ಟಿನಿಂದ ಮೂರು ವರ್ಷದವರೆಗೆ ತಿಂಗಳಿಗೆ ತಕ್ಕ 140 ಚಟುವಟಿಕೆಗಳಿವೆ. ಅವನ್ನು ಮನೆಗೆ ಒಯ್ಯಬೇಕಾದವಳು ಮತ್ತೆ ಅದೇ ಅಂಗನವಾಡಿ ಕಾರ್ಯಕರ್ತೆ.

ಕೆಲಸಕ್ಕೆ ಸಲ್ಲುವ ಬೆಲೆ

ನವಜಾತ ಶಿಶುವಿನ ಭೇಟಿಗಳೆಲ್ಲ ಮುಗಿದ ಮೇಲೆ ಆಶಾಗೆ ಕೇಂದ್ರದಿಂದ ಗೊತ್ತುಮಾಡಿದ ಪ್ರೋತ್ಸಾಹಧನ 250 ರೂಪಾಯಿ; ನಂತರದ ಭೇಟಿಗಳಿಗೆ ತಲಾ 50. ಕಾನೂನಿನ ಲೆಕ್ಕದಲ್ಲಿ ಅವಳು ಸ್ವಯಂಸೇವಕಿ. ಅಂಗನವಾಡಿಯವರಿಗೆ ಸಿಗುವುದು ಗೌರವಧನ. ನೆರೆಯವಳು ಎಂಬ ಆತ್ಮೀಯತೆಯೇ ಕೂಲಿ ಕಡಿಮೆ ಮಾಡಲು ನೆಪವಾದದ್ದು ಈ ವ್ಯವಸ್ಥೆಯ ದೊಡ್ಡ ಅನ್ಯಾಯ. ಇದನ್ನು ಪ್ರಶ್ನಿಸಿದವರೂ ಗುಜರಾತಿನವರೇ. ದಾಹೋದ್ ಜಿಲ್ಲೆಯ ಅಂಗನವಾಡಿ ಮಹಿಳೆಯರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಗ್ರಾಚ್ಯುಟಿಯ ಹಕ್ಕಿದೆ ಎಂದಿತು. 2024ರಲ್ಲಿ ಗುಜರಾತ್ ಹೈಕೋರ್ಟಿನ ಏಕಸದಸ್ಯ ಪೀಠ ಅವರನ್ನು ಸರ್ಕಾರಿ ಹುದ್ದೆಗಳಿಗೆ ಸೇರಿಸಿಕೊಳ್ಳಲು ನೀತಿ ರೂಪಿಸಬೇಕು, ಅಲ್ಲಿಯವರೆಗೆ ಮೂರನೆಯ ಮತ್ತು ನಾಲ್ಕನೆಯ ದರ್ಜೆಯ ಕನಿಷ್ಠ ವೇತನ ಕೊಡಬೇಕು ಎಂದು ತೀರ್ಪಿತ್ತಿತು. ಈ ಎರಡು ತೀರ್ಪುಗಳೂ ಅಂಗನವಾಡಿಯವರ ವಿಷಯದಲ್ಲಿ ಬಂದವು. ಆಶಾಗಳಿಗೆ ಇವು ಅನ್ವಯಿಸುವುದಿಲ್ಲ. ಸಂಗಿನಿಯ ಬಾಲಸೇವಿಕೆಯರ ಹಾದಿ ಬೇರೆ: ಅವರು ತಮ್ಮ ಮಂಡಳಿಯ ಒಡೆಯರು, ಸಂಬಳದ ಮಾತು ಅವರ ಸಭೆಯಲ್ಲೇ ಆಗುತ್ತದೆ. ಆದರೆ ಬಡ ತಾಯಂದಿರ ಶುಲ್ಕದಿಂದಲೇ ಅವರ ಪೂರ್ತಿ ಸಂಬಳ ಹೊರಡಲಾರದು. ಆ ವೆಚ್ಚದ ದೊಡ್ಡ ಪಾಲು ಸರ್ಕಾರದಿಂದಲೋ ದಾನಿಗಳಿಂದಲೋ ಬರಬೇಕು.